ಮೀನಿನ ಹೊಟ್ಟೆಯಲ್ಲಿರುವ ಬಣ್ಣ ಮೀನಿನ ಒಳಗಿದೆಯೇ?

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಮಾತಿನಲ್ಲಿ ತೇಲಿಹೋದ ಕೆಲವು ಲೆಕ್ಕಗಳನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದ್ದೇನೆ.)

ಮೊದಲ ಸ್ಲೈಡಿನಲ್ಲಿ ಒಂದು ನೀರುಚಿಗಟದ ಚಿತ್ರವಿತ್ತು. ಡಾಫ್ನಿಯಾ ಅಂತಲೇ ಹೆಚ್ಚಿನವರು ಕರೆಯುತ್ತಾರೆ. ಮೂರ್ನಾಲ್ಕು ಮಿಲಿಮೀಟರ್ ಉದ್ದದ, ಗಾಜಿನಂತೆ ಪಾರದರ್ಶಕವಾದ ಜೀವಿ. ಸೂಕ್ಷ್ಮದರ್ಶಕದ ಕೆಳಗೆ ಅದರ ಹೃದಯ ಬಡಿಯುವುದೂ ಕಾಣುತ್ತದೆ. ನೀಲಿ ವರ್ಣದ್ರವ್ಯ ಬೆರೆಸಿದ ನೀರಿನಲ್ಲಿ ಒಂದು ದಿನ ಇದ್ದ ಈ ಪ್ರಾಣಿಯ ಮೈಯೊಳಗೆ, ತಲೆಯಿಂದ ಬಾಲದವರೆಗೆ, ಕಡುನೀಲಿ ಗೆರೆಯೊಂದು ಎಳೆದಂತಿತ್ತು. "ಇದರಲ್ಲಿ ಬಣ್ಣ ಶೇಖರವಾಗಿದೆ ಅನ್ನುವವರು ಕೈ ಎತ್ತಿ" ಅಂದೆ. ಸಭೆಯಲ್ಲಿ ಮುಕ್ಕಾಲು ಪಾಲು ಕೈಗಳು ಮೇಲೆದ್ದವು.

ಎರಡನೆಯ ಸ್ಲೈಡಿನಲ್ಲಿ ಅದೇ ನೀರುಚಿಗಟ. ಈ ನಡುವೆ ಅದನ್ನು ಶುದ್ಧ ನೀರಿಗೆ ಬಿಟ್ಟು, ತಿನ್ನಲು ಹಸಿರು ಪಾಚಿ ಕೊಟ್ಟಿದ್ದೆವು. ನೀಲಿ ಗೆರೆ ಮಾಯವಾಗಿ ಹಸಿರು ಗೆರೆ ಬಂದಿತ್ತು.

ನಾನು ಹೇಳಬೇಕಾದ್ದರಲ್ಲಿ ಅರ್ಧ ಈ ಎರಡು ಚಿತ್ರಗಳಲ್ಲೇ ಇದೆ. ಕರುಳು ದೇಹದ ನಡುವೆ ಹಾದುಹೋಗುವ ಒಂದು ಓಣಿ. ಓಣಿಯಲ್ಲಿ ನಡೆದುಹೋಗುವವರೆಲ್ಲ ಮನೆಯೊಳಗೆ ಬಂದಂತಲ್ಲ. ಕರುಳಿನ ಗೋಡೆಯನ್ನೋ ಕಿವಿರಿನ ಪೊರೆಯನ್ನೋ ದಾಟಿ, ರಕ್ತಕ್ಕೆ ಸೇರಿ, ಕೊಬ್ಬಿನಲ್ಲೋ ಯಕೃತ್ತಿನಲ್ಲೋ ಕೂತು, ಒಳಗೆ ಬರುವ ವೇಗಕ್ಕಿಂತ ಹೊರಗೆ ಹೋಗುವ ವೇಗ ಕಡಿಮೆಯಾದಾಗ ಮಾತ್ರ ಅದನ್ನು ಜೈವಿಕ ಸಂಚಯನ ಅನ್ನುತ್ತೇವೆ. ಕೀಟನಾಶಕಗಳ ವಿಷಯದಲ್ಲಿ ಇದನ್ನು ತಿಳಿಯುವುದು ಅಷ್ಟು ಕಷ್ಟವಲ್ಲ. ವರ್ಣದ್ರವ್ಯಗಳ ವಿಷಯಕ್ಕೆ ಬಂದರೆ ನಮ್ಮ ಅಳತೆಗೋಲುಗಳೇ ಸೊಟ್ಟಗಾಗುತ್ತವೆ.

ಬಣ್ಣ ಅಂದಾಗ ಎರಡು ಬೇರೆ ಬೇರೆ ವಸ್ತುಗಳು ಒಂದೇ ಹೆಸರಿನಲ್ಲಿ ಸೇರಿಕೊಳ್ಳುತ್ತವೆ. ಡೈ ಕರಗುತ್ತದೆ, ಕರಗಿ ನೂಲಿಗೆ ಹತ್ತುತ್ತದೆ. ಪಿಗ್ಮೆಂಟ್, ಅಂದರೆ ನಾನು ಇಲ್ಲಿ ವರ್ಣದ್ರವ್ಯ ಅನ್ನುತ್ತಿರುವುದು, ಕರಗುವುದಿಲ್ಲ, ಪುಡಿಯಾಗಿಯೇ ಉಳಿದು, ಪುಡಿಯಾಗಿಯೇ ಬಣ್ಣ ಕೊಡುತ್ತದೆ. ಕರಗದಿರುವುದೇ ಅದರ ಕಸುಬು. ಕರಗಿದರೆ ಗೋಡೆಯ ಬಣ್ಣ ಮಳೆಗೆ ಇಳಿದುಹೋಗುತ್ತದೆ, ಮುದ್ರಣದ ಶಾಯಿ ಕಾಗದದಾಚೆ ಹರಡುತ್ತದೆ. ರಸಾಯನಶಾಸ್ತ್ರಜ್ಞರು ದಶಕಗಳ ಕಾಲ ತಲೆ ಓಡಿಸಿ, ನೀರಿಗೂ ಎಣ್ಣೆಗೂ ಬಗ್ಗದ ಹರಳುಗಳನ್ನು ಹುಡುಕಿ ತೆಗೆದಿದ್ದಾರೆ.

ತಾಮ್ರದ ಥ್ಯಾಲೊಸಯನಿನ್ ಅನ್ನೇ ನೋಡಿ. ಜಗತ್ತಿನ ನೀಲಿ ಮುದ್ರಣ ಶಾಯಿಯ ಬಹುಪಾಲು ಇದೇ. ಈ ಕುಟುಂಬದ ಕಥೆ ಒಂದು ಬಿರುಕಿನಿಂದ ಶುರುವಾಯಿತು. 1928ರಲ್ಲಿ ಸ್ಕಾಟ್ಲೆಂಡಿನ ಗ್ರೇಂಜ್‌ಮೌತ್‌ನ ಕಾರ್ಖಾನೆಯೊಂದರಲ್ಲಿ ಥ್ಯಾಲಿಮೈಡ್ ಎಂಬ ಬಿಳಿ ವಸ್ತು ತಯಾರಾಗುತ್ತಿತ್ತು. ಪಾತ್ರೆಯ ಒಳಗಿನ ಗಾಜಿನ ಲೇಪ ಬಿರಿದು, ಅಡಿಯ ಕಬ್ಬಿಣ ತಾಗಿ, ಬಿಳಿಯ ನಡುವೆ ನೀಲಿಹಸಿರು ಕಲೆ ಕಾಣಿಸಿತು. ಕಲೆಯನ್ನು ಒರೆಸಿ ಎಸೆಯದೆ ಅದೇನೆಂದು ನೋಡಿದರು. ಪ್ಯಾಟ್ರಿಕ್ ಲಿನ್‌ಸ್ಟೆಡ್ ಮತ್ತು ಸಂಗಡಿಗರು 1934ರಲ್ಲಿ ಅದರ ರಚನೆಯನ್ನು ಪ್ರಕಟಿಸಿದರು. ಮರುವರ್ಷವೇ ತಾಮ್ರದ ರೂಪ ಮಾರುಕಟ್ಟೆಗೆ ಬಂತು. ಅಣುತೂಕ 576. ಅಣು ಚಪ್ಪಟೆ, ತಟ್ಟೆಯಂತೆ. ತಟ್ಟೆಗಳು ಒಂದರ ಮೇಲೊಂದು ಎಷ್ಟು ಬಿಗಿಯಾಗಿ ಪೇರಿಸಿಕೊಂಡಿರುತ್ತವೆಂದರೆ, ಕರಗಿಸಬೇಕಾದರೆ ಪ್ರಬಲ ಗಂಧಕಾಮ್ಲವೇ ಬೇಕು. ಈ ಬಿಗಿ ಪೇರಿಕೆಯನ್ನು ನೆನಪಿನಲ್ಲಿಡಿ, ಮುಂದೆ ಅದೇ ಮುಖ್ಯ ಪಾತ್ರಧಾರಿ.

ಈಗ ಸಾಮಾನ್ಯ ವಿಧಾನ. ಒಂದು ರಾಸಾಯನಿಕ ಜಲಚರಗಳಲ್ಲಿ ಶೇಖರವಾಗುತ್ತದೆಯೇ ಎಂದು ಊಹಿಸಲು ನಾವು ಮೊದಲು ನೋಡುವುದು ಆಕ್ಟನಾಲ್-ನೀರು ಹಂಚಿಕೆಯನ್ನು. ಆಕ್ಟನಾಲ್ ಎಣ್ಣೆಯಂಥ ಆಲ್ಕೊಹಾಲ್, ಪ್ರಾಣಿಯ ಕೊಬ್ಬಿನ ಬದಲಿಗೆ ನಿಲ್ಲುವ ಬೊಂಬೆ ಅನ್ನಿ. ನೀರು ಮತ್ತು ಆಕ್ಟನಾಲ್ ಎರಡನ್ನೂ ಒಂದೇ ಸೀಸೆಗೆ ಹಾಕಿ ವಸ್ತುವನ್ನು ಬಿಟ್ಟರೆ, ಅದು ಎಣ್ಣೆಯ ಪದರಕ್ಕೆ ಎಷ್ಟು ಪಟ್ಟು ಹೆಚ್ಚು ಹೋಗುತ್ತದೆ ಎಂಬುದೇ ಆ ಅನುಪಾತ. ಸಂಖ್ಯೆ ದೊಡ್ಡದಾದ್ದರಿಂದ ಲಾಗರಿದಂನಲ್ಲಿ ಹೇಳುತ್ತೇವೆ, ಲಾಗ್ ಕೆಒಡಬ್ಲ್ಯೂ ಅಂತ. ಲಾಗ್ 6 ಅಂದರೆ ಹತ್ತು ಲಕ್ಷ ಪಟ್ಟು. ಡಿಡಿಟಿಯದ್ದು 6ಕ್ಕೂ ಹೆಚ್ಚು. ಡಿಡಿಟಿಯ ಸೋದರನಾದ ಡಿಡಿಡಿಯನ್ನು ಕ್ಯಾಲಿಫೋರ್ನಿಯಾದ ಕ್ಲಿಯರ್ ಲೇಕ್ ಸರೋವರಕ್ಕೆ ನುಸಿ ಕೊಲ್ಲಲೆಂದು 1949, 1954 ಮತ್ತು 1957ರಲ್ಲಿ ಸುರಿದರು. ನೀರಿನಲ್ಲಿ ಅದು ಹತ್ತು ಲಕ್ಷಕ್ಕೆ 0.02 ಭಾಗದಷ್ಟಿತ್ತು. ಸತ್ತ ಗ್ರೀಬ್ ಹಕ್ಕಿಗಳ ಕೊಬ್ಬಿನಲ್ಲಿ ಹತ್ತು ಲಕ್ಷಕ್ಕೆ 1,600 ಭಾಗ ಸಿಕ್ಕಿತು. ಸಂಚಯನ ಅನ್ನುವ ಮಾತಿಗೆ ನಿಜವಾದ ಭಯ ಹುಟ್ಟಿದ್ದು ಇಂಥ ಘಟನೆಗಳಿಂದ.

ಕಾನೂನುಗಳೂ ಈ ದಾರಿಯಲ್ಲೇ ಬಂದವು. ಐರೋಪ್ಯ ಒಕ್ಕೂಟದ ರೀಚ್ ಎಂಬ ರಾಸಾಯನಿಕಗಳ ನಿಯಮದ ಪ್ರಕಾರ ಮೀನಿನಲ್ಲಿನ ಪ್ರಮಾಣ ನೀರಿನಲ್ಲಿರುವುದಕ್ಕಿಂತ 2,000 ಪಟ್ಟು ಮೀರಿದರೆ ಅದು ಸಂಚಯನಶೀಲ, 5,000 ಮೀರಿದರೆ ಅತಿ ಸಂಚಯನಶೀಲ. ಬಹುಕಾಲ ಉಳಿಯುವ ವಿಷಗಳನ್ನು ತಡೆಯುವ 2001ರ ಸ್ಟಾಕ್‌ಹೋಮ್ ಒಪ್ಪಂದವೂ 5,000ದ ಗೆರೆಯನ್ನೇ ಎಳೆಯುತ್ತದೆ, ಆ ಅಳತೆ ಇಲ್ಲದಿದ್ದರೆ ಲಾಗ್ ಕೆಒಡಬ್ಲ್ಯೂ 5ಕ್ಕಿಂತ ಹೆಚ್ಚಿದ್ದರೆ ಸಾಕು ಅನ್ನುತ್ತದೆ. ಅಳತೆಯ ದತ್ತಾಂಶ ಇಲ್ಲದಿದ್ದರೆ ಕಂಪ್ಯೂಟರಿನಲ್ಲಿ ಅಣುವಿನ ಚಿತ್ರ ಬರೆದು ಲಾಗ್ ಸಂಖ್ಯೆಯನ್ನು ಲೆಕ್ಕ ಹಾಕುವುದು ರೂಢಿ.

ಆ ಕಂಪ್ಯೂಟರ್ ಅಣುವನ್ನು ತುಂಡುತುಂಡಾಗಿ ನೋಡುತ್ತದೆ. ಈ ಬೆಂಜೀನ್ ಉಂಗುರಕ್ಕೆ ಇಷ್ಟು, ಈ ಕ್ಲೋರಿನ್‌ಗೆ ಇಷ್ಟು ಎಂದು ಕೂಡಿಸುತ್ತದೆ. ಪಿಗ್ಮೆಂಟುಗಳಲ್ಲಿ ಉಂಗುರಗಳಿಗೇನೂ ಬರವಿಲ್ಲ, ಹಾಗಾಗಿ ಮೊತ್ತ 7, 8 ಎಂದು ಏರುತ್ತದೆ. ಕೂಡಲೇ ಕೆಂಪು ದೀಪ ಹತ್ತಿ, ವಸ್ತು ಅನುಮಾನದ ಪಟ್ಟಿಗೆ ಸೇರುತ್ತದೆ.

ಇಲ್ಲೊಂದು ಸಣ್ಣ ಲೆಕ್ಕ ಮಾಡೋಣ. ಒಂದು ಪಿಗ್ಮೆಂಟಿನ ಲೆಕ್ಕದ ಲಾಗ್ 8 ಇದೆ ಅಂದುಕೊಳ್ಳಿ. ನೀರಿನಲ್ಲಿ ಅದು ಲೀಟರಿಗೆ 1 ಮೈಕ್ರೋಗ್ರಾಂ ಕರಗುತ್ತದೆ ಎಂದು ಅಳೆದಿದ್ದೇವೆ ಅಂತಿಟ್ಟುಕೊಳ್ಳಿ. ಎರಡೂ ನಿಜವಾದರೆ ಆಕ್ಟನಾಲ್‌ನಲ್ಲಿ ಅದರ ಹತ್ತು ಕೋಟಿ ಪಟ್ಟು ಕರಗಬೇಕು, ಅಂದರೆ ಲೀಟರಿಗೆ 100 ಗ್ರಾಂ. ಒಂದು ಲೀಟರ್ ಆಕ್ಟನಾಲ್‌ಗೆ ಚಿಟಿಕೆ ಪಿಗ್ಮೆಂಟ್ ಹಾಕಿ ವಾರಗಟ್ಟಲೆ ಕಲಕಿ ನೋಡಿ. ಪುಡಿ ತಳದಲ್ಲಿ ಹಾಗೇ ಕೂತಿರುತ್ತದೆ. ಮೇಲಿನ ದ್ರವದಲ್ಲಿ ನಿಜವಾಗಿ ಕರಗಿದ್ದು ಲೀಟರಿಗೆ ಕೆಲವು ಹತ್ತು ಮೈಕ್ರೋಗ್ರಾಂ ಅಷ್ಟೇ ಇರಬಹುದು. 100 ಗ್ರಾಂ ಎಲ್ಲಿ, ಇದೆಲ್ಲಿ? ಎರಡು ಸಂಖ್ಯೆಗಳಲ್ಲಿ ಒಂದಾದರೂ ಸುಳ್ಳು ಹೇಳುತ್ತಿದೆ.

ಯಾವುದು? ಕೆಲವರು ಒಂದೇ ಏಟಿಗೆ ಕಂಪ್ಯೂಟರನ್ನು ಬೈದುಬಿಡುತ್ತಾರೆ. ನನಗೆ ಅಷ್ಟು ಖಾತ್ರಿಯಿಲ್ಲ. ಒಂಟಿ ಅಣುವೊಂದು ನೀರು ಮತ್ತು ಎಣ್ಣೆಯ ನಡುವೆ ಆಯ್ಕೆ ಮಾಡುವಾಗ ಎಣ್ಣೆಯನ್ನೇ ಬಲವಾಗಿ ಬಯಸಬಹುದು, ಅನುಪಾತ ನಿಜವಾಗಿಯೂ ದೊಡ್ಡದಿರಬಹುದು. ಹಾಗಿದ್ದರೆ ತಪ್ಪಿದ್ದು ನೀರಿನ ಅಳತೆಯಲ್ಲಿ. ಕರಗಿದೆ ಅಂದುಕೊಂಡ ಆ 1 ಮೈಕ್ರೋಗ್ರಾಂನಲ್ಲಿ ಹೆಚ್ಚಿನದು ತೇಲುವ ಕಣಗಳೇ ಇದ್ದಾವು. ಆದರೆ ಗಮನಿಸಿ, ಯಾರೇ ಸುಳ್ಳಾಡಿದರೂ ಆಕ್ಟನಾಲ್‌ನಲ್ಲಿ ಕರಗುವ ಗರಿಷ್ಠ ಮೊತ್ತ ಬದಲಾಗುವುದಿಲ್ಲ. ಅಣು ಎಣ್ಣೆಗೆ ಹೋಗಬೇಕಾದರೆ ಮೊದಲು ಹರಳನ್ನು ಬಿಟ್ಟು ಏಳಬೇಕು. ಪೇರಿಸಿಟ್ಟ ತಟ್ಟೆಗಳು ಒಂದನ್ನೊಂದು ಬಿಡುವುದಿಲ್ಲ. ಕಂಪ್ಯೂಟರಿನ ತುಂಡು ಲೆಕ್ಕಕ್ಕೆ ಈ ಬಿಗಿತ ಗೊತ್ತೇ ಇಲ್ಲ.

ಹಾಗಾದರೆ ಮೀನಿನೊಳಗೆ ಎಷ್ಟು ಹೋದೀತು? ಆಕ್ಟನಾಲ್‌ನಲ್ಲಿ ಲೀಟರಿಗೆ 20 ಮೈಕ್ರೋಗ್ರಾಂ ಕರಗುವ ಪಿಗ್ಮೆಂಟ್ ಇದೆ ಅಂದುಕೊಳ್ಳಿ. ಮೀನಿನ ತೂಕದಲ್ಲಿ ಕೊಬ್ಬು ಶೇ. 5. ಒಂದು ಕಿಲೋ ಮೀನಿನಲ್ಲಿ 50 ಗ್ರಾಂ ಕೊಬ್ಬು, ಸುಮಾರು ಲೀಟರಿನ ಇಪ್ಪತ್ತನೇ ಒಂದು ಭಾಗ. ಕೊಬ್ಬು ಪೂರ್ತಿ ತುಂಬಿ ತುಳುಕಿದರೂ ಆ ಮೀನಿನಲ್ಲಿ ಇರಬಹುದಾದ ಕರಗಿದ ಪಿಗ್ಮೆಂಟ್ 1 ಮೈಕ್ರೋಗ್ರಾಂ. ಇದು ಛಾವಣಿ, ಇದಕ್ಕಿಂತ ಮೇಲೆ ಏರಲು ಜಾಗವಿಲ್ಲ. 1987ರಲ್ಲಿ ಆನ್ಲಿಕರ್ ಮತ್ತು ಮೋಸರ್ ಎಂಬ ಸಂಶೋಧಕರು ಈ ತರ್ಕವನ್ನೇ ಮುಂದಿಟ್ಟರು. ಲೆಕ್ಕದ ಲಾಗ್ ಎತ್ತರದಲ್ಲಿದ್ದರೂ ಮೀನಿನಲ್ಲಿ ಸಂಚಯನ ಕಾಣಿಸದ ಪಿಗ್ಮೆಂಟುಗಳಿವೆ, ಅದಕ್ಕೆ ಕಾರಣ ಕೊಬ್ಬಿನಲ್ಲೂ ಅವು ಕರಗದಿರುವುದು ಎಂದರು. ಐರೋಪ್ಯ ಮಾರ್ಗದರ್ಶಿಯಲ್ಲಿ ಇದೇ ವಿಚಾರ ಒಂದು ಸೂತ್ರವಾಗಿ ಕೂತಿದೆ. ಆಕ್ಟನಾಲ್‌ನಲ್ಲಿ ಕರಗುವಿಕೆ ಲೀಟರಿಗೆ 0.002 ಮಿಲಿಮೋಲ್‌ಗಿಂತ ಕಡಿಮೆಯಿದ್ದರೆ ಅದು ಒಳಹೋಗುವಿಕೆ ಕುಂಠಿತವಾಗಿರುವ ಸೂಚನೆ. ಅಣುತೂಕ 576 ಇರುವ ನಮ್ಮ ನೀಲಿಗೆ ಆ ಗೆರೆ ಲೀಟರಿಗೆ ಸುಮಾರು 1.15 ಮಿಲಿಗ್ರಾಂಗೆ ಬೀಳುತ್ತದೆ.

ಇಲ್ಲಿ ನನ್ನದೊಂದು ತಕರಾರಿದೆ. ಕಾನೂನಿನ ಗೆರೆಗಳು ಅನುಪಾತದ ಮೇಲಿವೆ, ಮೀನಿನ ಕಷ್ಟಸುಖ ಇರುವುದು ಮೊತ್ತದ ಮೇಲೆ. ಬಹುತೇಕ ಇಲ್ಲವೇ ಇಲ್ಲ ಅನ್ನುವಷ್ಟನ್ನು ಇನ್ನೂ ಚಿಕ್ಕ ಸಂಖ್ಯೆಯಿಂದ ಭಾಗಿಸಿದರೆ ದೊಡ್ಡ ಅನುಪಾತ ಬಂದೇ ಬರುತ್ತದೆ. ಸಾಲಗಾರನ ಆಸ್ತಿ ಒಂದು ಪೈಸೆಯಿಂದ ಐವತ್ತು ರೂಪಾಯಿಗೆ ಏರಿದರೆ 5,000 ಪಟ್ಟು ಶ್ರೀಮಂತನಾದ ಅನ್ನಬಹುದು, ಲೆಕ್ಕ ತಪ್ಪಲ್ಲ. ಅನುಪಾತವನ್ನು ಬಿಟ್ಟುಬಿಡಿ ಅನ್ನುತ್ತಿಲ್ಲ. ಪಕ್ಕದಲ್ಲಿ ಛಾವಣಿಯನ್ನೂ ಬರೆಯಿರಿ ಅನ್ನುತ್ತಿದ್ದೇನೆ.

ಇನ್ನು ಅಳತೆಯ ಗೋಳು. "ನೀರಿನಲ್ಲಿ ಎಷ್ಟು ಕರಗಿದೆ" ಎಂದು ಕೇಳುವುದು ಸುಲಭ. ಪಿಗ್ಮೆಂಟಿನ ಮೂಲ ಕಣಗಳು ಹೆಚ್ಚಾಗಿ 20ರಿಂದ 200 ನ್ಯಾನೊಮೀಟರ್. ಪ್ರಯೋಗಾಲಯದಲ್ಲಿ ವಾಡಿಕೆಯಂತೆ ಬಳಸುವ ಸೋಸುಹಾಳೆಯ ರಂಧ್ರ 450 ನ್ಯಾನೊಮೀಟರ್. ಹಾಳೆ ಸೋಸಿತು ಎಂದು ನಾವು ನಂಬುತ್ತೇವೆ, ಕಣಗಳು ನಗುನಗುತ್ತಾ ಹಾದುಹೋಗುತ್ತವೆ. ನಾನು ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಒಮ್ಮೆ ಸೋಸಿದ ನೀರು ತಿಳಿಯಾಗಿದೆ ಎಂದು ಖುಷಿಯಿಂದ ಸಂಖ್ಯೆ ಬರೆದುಕೊಂಡಿದ್ದೆ. ಹಿರಿಯರೊಬ್ಬರು ಏನೂ ಹೇಳದೆ ದೀಪ ಆರಿಸಿ, ಸೀಸೆಗೆ ಲೇಸರ್ ಪೆನ್ನಿನ ಬೆಳಕು ಹಾಯಿಸಿದರು. ನೀರಿನಲ್ಲಿ ಕೆಂಪು ದಾರದಂತೆ ಕಿರಣ ಹೊಳೆಯಿತು. ಕರಗಿದ್ದರೆ ದಾರ ಕಾಣಬಾರದಿತ್ತು. ಆ ಪುಟವನ್ನು ಹರಿದು ಹಾಕಿದೆ. ಆಮೇಲೆ ಅತಿವೇಗದ ಸೆಂಟ್ರಿಫ್ಯೂಜ್‌ನಲ್ಲಿ ಗಂಟೆಗಟ್ಟಲೆ ತಿರುಗಿಸಿ ಅಳೆದಾಗ ಸಿಕ್ಕಿದ್ದು ಮೊದಲ ಸಂಖ್ಯೆಯ ಒಂದು ಚೂರು.

ಮೀನಿನ ಪರೀಕ್ಷೆಗೆ ಇದರಿಂದ ಏನಾಗುತ್ತದೆ ನೋಡಿ. ಹಲವು ದೇಶಗಳ ಆರ್ಥಿಕ ಸಹಕಾರ ಸಂಸ್ಥೆಯಾದ ಒಇಸಿಡಿಯ 305ನೇ ಪರೀಕ್ಷಾ ಮಾರ್ಗಸೂಚಿಯ ಪ್ರಕಾರ ಮೀನನ್ನು ಸಾಮಾನ್ಯವಾಗಿ 28 ದಿನ ಪರೀಕ್ಷಾವಸ್ತು ಇರುವ ನೀರಿನಲ್ಲಿಟ್ಟು, ಆಮೇಲೆ ಶುದ್ಧ ನೀರಿಗೆ ಬಿಟ್ಟು, ಏರಿದ್ದು ಎಷ್ಟು, ಇಳಿದಿದ್ದು ಎಷ್ಟು ಎಂದು ನೋಡುತ್ತಾರೆ. ಫಲಿತಾಂಶವನ್ನು ಶೇ. 5 ಕೊಬ್ಬಿಗೆ ಹೊಂದಿಸುತ್ತಾರೆ. ಪಿಗ್ಮೆಂಟ್ ಕರಗುವುದಿಲ್ಲವಲ್ಲ, ಅದಕ್ಕೆ ಪುಡಿಯನ್ನು ನೀರಿನಲ್ಲಿ ಚದುರಿಸಿಡುವ ಹರಡುಕಾರಕ ಬೆರೆಸಿ ನೀರಿಗೆ ಬಲವಂತವಾಗಿ ತುಂಬಿದರು ಅಂದುಕೊಳ್ಳಿ. ಕರಗುವುದು ಲೀಟರಿಗೆ 1 ಮೈಕ್ರೋಗ್ರಾಂ, ತುಂಬಿದ್ದು 100. ಮೀನಿನಲ್ಲಿ ಕಿಲೋಗೆ 20 ಮೈಕ್ರೋಗ್ರಾಂ ಸಿಕ್ಕಿತು. 100ರಿಂದ ಭಾಗಿಸಿದರೆ 0.2, ಶೇಖರಣೆಯೇ ಇಲ್ಲ. 1ರಿಂದ ಭಾಗಿಸಿದರೆ 20. ಅದೇ ಮೀನು, ಅದೇ ನೀರು, ಉತ್ತರದಲ್ಲಿ ನೂರು ಪಟ್ಟು ವ್ಯತ್ಯಾಸ. ಇದು ವಸ್ತುವಿನ ಪರವಾಗಿ ಆಗುವ ತಪ್ಪು. ವಿರುದ್ಧವಾಗಿಯೂ ಆಗುತ್ತದೆ, ಏಕೆಂದರೆ ಮೀನಿನಲ್ಲಿ ಸಿಕ್ಕ ಆ 20ರಲ್ಲಿ ಎಷ್ಟು ಕಿವಿರಿನ ಲೋಳೆಗೆ ಅಂಟಿದ್ದು, ಎಷ್ಟು ಕರುಳಿನ ಓಣಿಯಲ್ಲಿದ್ದದ್ದು? ಇಡೀ ಮೀನನ್ನು ಅರೆದು ಅಳೆದರೆ ಇದು ತಿಳಿಯುವುದಿಲ್ಲ.

ಅಕ್ಕಿತೌಡಿನ ಎಣ್ಣೆಗೆ ಪಿಸಿಬಿ ಎಂಬ ಕ್ಲೋರಿನ್‌ಯುಕ್ತ ವಿಷ ಬೆರೆತ 1968ರ ದುರಂತದ ನಂತರ ಜಪಾನ್ 1973ರಲ್ಲಿ ರಾಸಾಯನಿಕಗಳ ಕಾನೂನು ತಂದಿತು. ಸಂಚಯನದ ಪರೀಕ್ಷೆಗೆ ಅಲ್ಲಿ ಕಾರ್ಪ್ ಮೀನು ಬಳಸುತ್ತಾರೆ. ಪಿಗ್ಮೆಂಟುಗಳೂ ಆ ಸಾಲಿನಲ್ಲಿ ಪರೀಕ್ಷೆಗೆ ಬಂದಿವೆ. ಇಂಥ ಹಳೆಯ ವರದಿಗಳನ್ನು ಓದುವಾಗ ನಾನು ಮೊದಲು ನೋಡುವುದು ಕೊನೆಯ ಸಂಖ್ಯೆಯನ್ನಲ್ಲ. ನೀರಿನಲ್ಲಿಟ್ಟ ಪ್ರಮಾಣ ಕರಗುವಿಕೆಯ ಮಿತಿಗಿಂತ ಮೇಲಿತ್ತೇ, ಹರಡುಕಾರಕ ಬಳಸಿದ್ದರೇ, ಮೀನಿನ ಕರುಳು ತೆಗೆದು ಅಳೆದಿದ್ದರೇ ಎಂದು ಹುಡುಕುತ್ತೇನೆ. ಈ ಮೂರಕ್ಕೆ ಉತ್ತರವಿಲ್ಲದ ವರದಿಯಲ್ಲಿ ಸಂಖ್ಯೆ ಎಷ್ಟೇ ಚೆಂದವಿದ್ದರೂ ನಾನು ಬದಿಗಿಡುತ್ತೇನೆ.

2012ರಲ್ಲಿ ಪರಿಷ್ಕರಿಸಿದ 305ರಲ್ಲಿ ಆಹಾರದ ಮೂಲಕ ಕೊಡುವ ವಿಧಾನವೂ ಸೇರಿತು. ಕರಗದ ವಸ್ತುಗಳಿಗೆ ಇದು ಹೆಚ್ಚು ಪ್ರಾಮಾಣಿಕ. ಮೀನಿನ ಮೇವಿಗೆ ವಸ್ತು ಬೆರೆಸಿ ತಿನ್ನಿಸಿ, ಮೇವಿನಲ್ಲಿದ್ದುದಕ್ಕೂ ಮೀನಿನಲ್ಲಿ ಉಳಿದುದಕ್ಕೂ ಇರುವ ಅನುಪಾತ ತೆಗೆಯುವುದು. ಅದು 1ನ್ನು ಮೀರಿದರೆ ಆಹಾರ ಸರಪಳಿಯಲ್ಲಿ ಮೇಲೇರುವ ಸಾಧ್ಯತೆಯಿದೆ ಎಂದರ್ಥ. ಇಲ್ಲೂ ಕರುಳು ಖಾಲಿಯಾಗುವವರೆಗೆ ಕಾಯಲೇಬೇಕು. ಮೀನು ಬೆಳೆಯುತ್ತಾ ಹೋದಂತೆ ಪ್ರಮಾಣ ತಾನೇ ತೆಳುವಾಗುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇಷ್ಟೆಲ್ಲ ಕೇಳಿ, ಪಿಗ್ಮೆಂಟ್ ಕೊಬ್ಬಿಗೂ ಬೇಡದ ಕೂಸು, ಚಿಂತೆಯಿಲ್ಲ ಎಂದು ನೀವು ಎದ್ದು ಹೊರಡಬಹುದು. ಸ್ವಲ್ಪ ತಡೆಯಿರಿ. ಡಬ್ಬಿಯಲ್ಲಿರುವುದು ಬರೀ ಪಿಗ್ಮೆಂಟ್ ಅಲ್ಲ.

ಡೈಅರಿಲೈಡ್ ಹಳದಿ ಎಂಬ ಗುಂಪಿದೆ. ಮುದ್ರಣದ ನಾಲ್ಕು ಬಣ್ಣಗಳಲ್ಲಿ ಹಳದಿ ಸಾಮಾನ್ಯವಾಗಿ ಇವುಗಳದ್ದೇ. ಡೈಕ್ಲೋರೊಬೆಂಜಿಡೀನ್‌ನಿಂದ ಇವನ್ನು ತಯಾರಿಸುವಾಗ ಅಡ್ಡಕ್ರಿಯೆಯಲ್ಲಿ ಪಿಸಿಬಿ-11 ಎಂಬ ವಸ್ತು ಅತಿ ಸಣ್ಣ ಪ್ರಮಾಣದಲ್ಲಿ ಹುಟ್ಟುತ್ತದೆ. ಟ್ರಾನ್ಸ್‌ಫಾರ್ಮರ್ ಎಣ್ಣೆಗೆಂದು ಮಾರುತ್ತಿದ್ದ ಹಳೆಯ ಪಿಸಿಬಿ ಮಿಶ್ರಣಗಳಲ್ಲಿ ಇದು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಎಲ್ಲಾದರೂ ಪಿಸಿಬಿ-11 ಎದ್ದು ಕಂಡರೆ ಬೆರಳು ಪಿಗ್ಮೆಂಟಿನ ಕಡೆ ತೋರುತ್ತದೆ. ಷಿಕಾಗೋ ನಗರದ ಗಾಳಿಯಲ್ಲಿ ಅದು ಸಿಕ್ಕಿದೆ, ಅಂಟಾರ್ಕ್ಟಿಕಾದ ಗಾಳಿಯಲ್ಲೂ ಸಿಕ್ಕಿದೆ. ಹಸಿರು ಥ್ಯಾಲೊಸಯನಿನ್‌ನಲ್ಲಿ ಹೆಕ್ಸಾಕ್ಲೋರೊಬೆಂಜೀನ್‌ನ ಕುರುಹು ಇರಬಹುದು, ಅದು ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿದ ಮೊದಲ ಹನ್ನೆರಡು ವಿಷಗಳಲ್ಲಿ ಒಂದು. ಕ್ಲೋರಾನಿಲ್ ಎಂಬ ರಾಸಾಯನಿಕದಿಂದ ಮಾಡುವ ನೇರಳೆ ಪಿಗ್ಮೆಂಟಿನಲ್ಲಿ ಡಯಾಕ್ಸಿನ್ ಎಂಬ ವಿಷಗಳು ಇಣುಕಬಹುದು. ಇವಕ್ಕೆ ಬಿಗಿ ಹರಳಿನ ಹಂಗಿಲ್ಲ. ಸಣ್ಣ ಅಣುಗಳು, ಕೊಬ್ಬು ಕಂಡರೆ ಓಡಿಹೋಗಿ ಕೂರುವವು. ಪಿಸಿಬಿ-11 ಅನ್ನು ಪ್ರಾಣಿಗಳ ದೇಹ ತಕ್ಕಮಟ್ಟಿಗೆ ಬೇಗ ಒಡೆಯುತ್ತದೆ, ಹೆಕ್ಸಾಕ್ಲೋರೊಬೆಂಜೀನ್ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಪಿಗ್ಮೆಂಟಿನ ಪರೀಕ್ಷೆಯಲ್ಲಿ ಮೀನಿನ ಸಾರದಲ್ಲಿ ಏನೋ ಕಂಡಿತು ಎಂದಾಗ, ಅದು ಪಿಗ್ಮೆಂಟೇ ಎಂದು ಹೆಸರಿಟ್ಟು ತೋರಿಸದ ಹೊರತು ನಾನು ಒಪ್ಪುವುದಿಲ್ಲ. ವಿಕಿರಣಶೀಲ ಇಂಗಾಲ-14ರ ಗುರುತು ಹಾಕಿ ಎಣಿಸಿದರೆ ಗುರುತು ಹತ್ತಿದ ಕಲ್ಮಶವೂ ಸೇರಿಯೇ ಎಣಿಕೆಯಾಗುತ್ತದೆ. ಶಿಕ್ಷೆ ಪಿಗ್ಮೆಂಟಿಗೆ, ತಪ್ಪು ಕಲ್ಮಶದ್ದು. ಕೆಲವೊಮ್ಮೆ ಇನ್ನೂ ಕೆಟ್ಟದ್ದು: ಪಿಗ್ಮೆಂಟನ್ನು ನಿರ್ದೋಷಿ ಎಂದು ಬಿಟ್ಟು, ಕಲ್ಮಶವನ್ನು ಯಾರೂ ಹುಡುಕುವುದೇ ಇಲ್ಲ.

ಕೊನೆಗೆ ಬಂದ ಪ್ರಶ್ನೆಗಳು.

ವಿದ್ಯಾರ್ಥಿಯೊಬ್ಬರು ಕೇಳಿದರು: "ಸರ್, ನೀಲಿ ಪಿಗ್ಮೆಂಟಿನಲ್ಲಿ ತಾಮ್ರ ಇದೆಯಲ್ಲ, ಮೀನಿನಲ್ಲಿ ತಾಮ್ರ ಅಳೆದರೆ ಸಾಲದೇ? ಅದು ಸುಲಭ." ಸುಲಭವೇ, ಆದರೆ ತಾಮ್ರ ಮೀನಿಗೆ ಬೇಕಾದ ಲೋಹ, ಯಕೃತ್ತಿನಲ್ಲಿ ಮೊದಲೇ ಸಾಕಷ್ಟಿರುತ್ತದೆ. ಸೀಗಡಿಯ ರಕ್ತವೇ ತಾಮ್ರದ ಮೇಲೆ ನಡೆಯುತ್ತದೆ. ಸಮುದ್ರಕ್ಕೆ ಒಂದು ಚಮಚ ಉಪ್ಪು ಹಾಕಿ ರುಚಿ ನೋಡಿದಂತಾದೀತು. ಬಣ್ಣವನ್ನೇ ಅಳೆಯೋಣವೆಂದರೆ ಕರಗಿದ ಥ್ಯಾಲೊಸಯನಿನ್ ಬೆಳಕು ಹೀರುವ ಕೆಂಪು ಪಟ್ಟಿ ಪಾಚಿಯ ಪತ್ರಹರಿತ್ತಿನ ಪಟ್ಟಿಗೆ ತೀರಾ ಹತ್ತಿರ. ಮೊದಲು ಬೇರ್ಪಡಿಸಿ, ಆಮೇಲೆ ಅಳೆಯಬೇಕು.

ಇನ್ನೊಬ್ಬರು: "ಕಣವೇ ಕಣವಾಗಿ ಪೊರೆ ದಾಟಿದರೆ?" ಸರಿಯಾದ ಜಾಗಕ್ಕೆ ಕೈ ಹಾಕಿದ್ದರು. ಜೀವಕೋಶಗಳು ನ್ಯಾನೊ ಕಣಗಳನ್ನು ನುಂಗಬಲ್ಲವು. ಅಲ್ಲಿ ಎಣ್ಣೆ-ನೀರಿನ ಸಮತೋಲನದ ಲೆಕ್ಕವೇ ನಡೆಯುವುದಿಲ್ಲ, ಲಾಗ್ ಕೆಒಡಬ್ಲ್ಯೂಗೆ ಅರ್ಥವಿಲ್ಲ, ನಾನು ಹೇಳಿದ ಛಾವಣಿಯೂ ಕರಗಿದ ಅಣುಗಳಿಗೆ ಮಾತ್ರ. ಅಂಗಾಂಶವನ್ನು ತೆಳುವಾಗಿ ಕೊಯ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಣ ಎಲ್ಲಿ ಕೂತಿದೆ ಎಂದು ನೋಡುವುದೇ ದಾರಿ. ದುಬಾರಿ, ನಿಧಾನ, ಒಂದು ಸಲಕ್ಕೆ ಒಂದು ಚೂರು.

ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಮೊದಲ ಚಿತ್ರಕ್ಕೇ ಮರಳಿದರು: "ನಿಮ್ಮ ನೀರುಚಿಗಟ ಹೊರಹಾಕಿದ ನೀಲಿ ಎಲ್ಲಿಗೆ ಹೋಯಿತಪ್ಪಾ?" ತಳಕ್ಕೆ. ಒಂಟಿ ಕಣ ತೇಲುತ್ತಿರಬಹುದು, ಹಿಕ್ಕೆಯಾಗಿ ಗಟ್ಟಿಯಾದದ್ದು ಬೇಗ ಮುಳುಗುತ್ತದೆ. ಕೊಳಚೆ ನೀರಿನ ಘಟಕಗಳಲ್ಲೂ ಪಿಗ್ಮೆಂಟಿನ ಹೆಚ್ಚಿನ ಪಾಲು ಗಸಿಗೇ ಸೇರುತ್ತದೆ. ಹಾಗಾಗಿ ಈಜುವ ಮೀನಿಗಿಂತ ಹೂಳು ತಿಂದು ಬದುಕುವ ಹುಳುವನ್ನು ಕೇಳುವುದು ನನಗೆ ಹೆಚ್ಚು ಸರಿಯೆನಿಸುತ್ತದೆ. ಅದಕ್ಕೂ ಒಇಸಿಡಿಯ 315ನೇ ಮಾರ್ಗಸೂಚಿಯಿದೆ, 2008ರದ್ದು. ಹುಳುವನ್ನು 28 ದಿನ ಆ ಹೂಳಿನಲ್ಲಿ ಬಿಟ್ಟು, ಎತ್ತಿ, ಅಳೆಯುವ ಮೊದಲು ಹೊಟ್ಟೆ ಖಾಲಿ ಮಾಡಿಕೊಳ್ಳಲು ಶುದ್ಧ ನೀರಿನಲ್ಲಿ ಇಡುತ್ತಾರೆ. ಲುಂಬ್ರಿಕ್ಯುಲಸ್ ಹುಳುವಿಗೆ ಸುಮಾರು 6 ಗಂಟೆ ಸಾಕು.

"ಆ ಆರು ಗಂಟೆ ಬಿಟ್ಟರೆ?" ಅಂದರು ಅವರು.

ಹುಳು ನೀಲಿಯಾಗಿರುತ್ತದೆ, ವರದಿಯೂ ಹಾಗೇ ಬರೆಯುತ್ತದೆ.